ಮನೆಮಂದಿಯೊಡನೆ ನಾರ್ವೆಗೆ

ಮೈಸೂರಿನ ಕಡೆಯ ಗೃಹಸ್ಥರೊಬ್ಬರು ನಮಗೆ ದೀರ್ಘವಾದ ಪತ್ರವೊಂದನ್ನು ಬರೆದಿರುವರು. ಬರುವ ಬೇಸಗೆಯ ರಜೆಯಲ್ಲಿ ಪತ್ನಿಯನ್ನೂ ಇಬ್ಬರು ಮಕ್ಕಳನ್ನೂ ಕರೆದುಕೊಂಡು ನಾರ್ವೆ ದೇಶವನ್ನು ನೋಡಿಬರಬೇಕೆಂಬುದು ಅವರ ಬಹುದಿನದ ಆಸೆ. ಇದಕ್ಕಾಗಿ ಏಳು ವರ್ಷಗಳಿಂದ ಹಣವನ್ನು ಕೂಡಿಟ್ಟಿರುವರಂತೆ. ಪತ್ರದೊಡನೆ ಪ್ರವಾಸದ ಒಂದು ಪಟ್ಟಿಯನ್ನೂ ಇಟ್ಟಿರುವರು. ಎಂಟು ದಿನಗಳು, ಹನ್ನೊಂದು ಸ್ಥಳಗಳು. ಮಧ್ಯರಾತ್ರಿಯ ಸೂರ್ಯನನ್ನೂ ನೋಡಬೇಕು, ಆಕಾಶದಲ್ಲಿ ಹಸುರಾಗಿ ತೂಗಾಡುವ ಉತ್ತರ ಧ್ರುವಪ್ರಭೆಯನ್ನೂ ನೋಡಬೇಕು. ಟ್ರೊಲ್‌ಟುಂಗಾ ಎಂಬ ಬಂಡೆಯ ನಾಲಿಗೆಯ ಮೇಲೆ ನಿಂತು ಚಿತ್ರ ತೆಗೆಸಿಕೊಳ್ಳಬೇಕು. ಇವೆಲ್ಲವನ್ನೂ ಬರೆದಾದ ಮೇಲೆ, ಪತ್ರದ ಕೊನೆಯಲ್ಲಿ, ಸಹಿಯ ಕೆಳಗೆ ಒಂದು ಸಾಲು: “ನಮ್ಮ ತಾಯಿಯವರಿಗೆ ಎಪ್ಪತ್ತೆರಡು ವರ್ಷ. ಅವರನ್ನು ತಂಗಿಯ ಮನೆಯಲ್ಲಿ ಬಿಟ್ಟು ಹೋಗುವುದೆಂದು ಯೋಚಿಸಿದ್ದೇವೆ. ಅವರೇನೂ ಹೇಳಿಲ್ಲ, ಸುಮ್ಮನಿದ್ದಾರೆ.”

ಮಹನೀಯರೇ, ಪಟ್ಟಿಯ ಮಾತನ್ನು ಮೊದಲು ಮುಗಿಸಿಬಿಡೋಣ. ಕೊನೆಯ ಸಾಲಿಗೆ ಆಮೇಲೆ ಬರುತ್ತೇನೆ.

ಮಧ್ಯರಾತ್ರಿಯ ಸೂರ್ಯನೂ ಧ್ರುವಪ್ರಭೆಯೂ ಒಂದೇ ಪ್ರವಾಸದಲ್ಲಿ ಕಾಣತಕ್ಕವಲ್ಲ. ಭೂಮಿಯು ತನ್ನ ಅಕ್ಷದ ಮೇಲೆ ಓರೆಯಾಗಿ ನಿಂತು ಸೂರ್ಯನನ್ನು ಸುತ್ತುವುದರಿಂದ, ಬೇಸಗೆಯಲ್ಲಿ ಉತ್ತರ ಧ್ರುವದ ಸುತ್ತಣ ನಾಡುಗಳು ಇಡೀ ದಿನ ಸೂರ್ಯನ ಕಡೆಗೇ ಮುಖಮಾಡಿಕೊಂಡಿರುವುವು. ನಾರ್ವೆಯ ಉತ್ತರದಲ್ಲಿರುವ ಟ್ರೋಮ್ಸೊ ಪಟ್ಟಣದಲ್ಲಿ ಮೇ ತಿಂಗಳ 20ರ ಸುಮಾರಿನಿಂದ ಜುಲೈ 22ರ ಸುಮಾರಿನವರೆಗೆ ಸೂರ್ಯನು ಮುಳುಗುವುದೇ ಇಲ್ಲ. ಧ್ರುವಪ್ರಭೆಯಾದರೋ ಸೂರ್ಯನಿಂದ ಹೊರಟ ವಿದ್ಯುತ್ಕಣಗಳು ಬಹು ಎತ್ತರದ ವಾಯುವನ್ನು ತಾಕಿ ಉಂಟುಮಾಡುವ ಮಂದವಾದ ಬೆಳಕು. ಅದು ಕಾಣಬೇಕಾದರೆ ಆಕಾಶವು ಕಪ್ಪಾಗಿರಬೇಕು. ಸೆಪ್ಟೆಂಬರ್ ಕೊನೆಯಿಂದ ಮಾರ್ಚ್ ಕೊನೆಯವರೆಗೆ ಅದರ ಕಾಲ. ಹಗಲಿನಲ್ಲಿ ನಕ್ಷತ್ರವನ್ನು ಹುಡುಕಿದಂತೆ ಬೇಸಗೆಯಲ್ಲಿ ಅದನ್ನು ಹುಡುಕಬಾರದು. ಆದುದರಿಂದ ಪಟ್ಟಿಯಲ್ಲಿ ಒಂದು ಗೆರೆಯನ್ನು ಹೊಡೆದುಬಿಡಿ.

ಎರಡನೆಯ ಗೆರೆ ಟ್ರೊಲ್‌ಟುಂಗಾದ ಮೇಲೆ. ಹತ್ತಿರದ ದಾರಿಯಿಂದ ಹೋದರೂ ಹೋಗಿಬರುವುದಕ್ಕೆ ಸುಮಾರು 20 ಕಿಲೋಮೀಟರು ಬೆಟ್ಟದ ನಡಿಗೆ. ಒಂದು ಪೂರ್ತಿ ಹಗಲಿನ ಕೆಲಸ. ಮೇ ತಿಂಗಳಲ್ಲಿ ಆ ದಾರಿಯ ಮೇಲೆ ಇನ್ನೂ ಹಿಮವಿರುತ್ತದೆ, ಮಾರ್ಗದರ್ಶಕನಿಲ್ಲದೆ ಹೋಗತಕ್ಕದ್ದಲ್ಲ. ಐದನೆಯ ತರಗತಿಯ ಹುಡುಗಿಯನ್ನು ಕರೆದುಕೊಂಡು ಅಲ್ಲಿಗೆ ಹೋಗುವುದು ಸಾಹಸವಲ್ಲ, ಅವಿವೇಕ. ಮೂರನೆಯ ಗೆರೆ ಗೈರಾಂಗರ್ ಮೇಲೆ. ಆ ಫಿಯಾರ್ಡಿನ ಸೌಂದರ್ಯಕ್ಕೆ ಕೊರತೆಯಿಲ್ಲ; ಆದರೆ ಅದಕ್ಕೆ ಹೋಗುವ ಘಟ್ಟದ ರಸ್ತೆಗಳು ಮೇ ತಿಂಗಳಲ್ಲಿ ಹಿಮದಿಂದ ಮುಚ್ಚಿರುವುದುಂಟು.

ನಮ್ಮ ಮಕ್ಕಳ ರಜೆ ಏಪ್ರಿಲ್ ಮೇ ತಿಂಗಳುಗಳಲ್ಲಿ; ನಾರ್ವೆಯ ಬೇಸಗೆ ಜೂನ್ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ಇವೆರಡೂ ಹೊಂದುವುದಿಲ್ಲವೆಂದು ಅನೇಕರು ನಿರಾಶರಾಗುವರು. ನನ್ನ ಅಭಿಪ್ರಾಯದಲ್ಲಿ ಮೇ ತಿಂಗಳ ಉತ್ತರಾರ್ಧವು ಮಕ್ಕಳೊಂದಿಗರಿಗೆ ಒಳ್ಳೆಯ ಕಾಲ. ಬೆಟ್ಟದ ಹಿಮ ಕರಗುವ ಆ ದಿನಗಳಲ್ಲಿ ಜಲಪಾತಗಳು ತುಂಬಿ ಧುಮ್ಮಿಕ್ಕುವುವು. ಹಾರ್ಡಾಂಗರ್ ಪ್ರಾಂತದ ಸೇಬಿನ ತೋಟಗಳು ಹೂಬಿಟ್ಟು ನೀರಿನ ಅಂಚಿನವರೆಗೂ ಬೆಳ್ಳಗಾಗಿರುವುವು. ಜುಲೈ ತಿಂಗಳ ಜನಸಂದಣಿಯೂ ಇರುವುದಿಲ್ಲ. ಮೇಲಾಗಿ ಮೇ 17 ಆ ದೇಶದ ರಾಷ್ಟ್ರೀಯ ಹಬ್ಬ. 1814ರಲ್ಲಿ ಐಡ್ಸ್‌ವೋಲ್ ಎಂಬಲ್ಲಿ ಅವರ ರಾಜ್ಯಾಂಗಕ್ಕೆ ಸಹಿ ಬಿದ್ದ ದಿನವದು. ಆ ದಿನ ಸೈನ್ಯದ ಮೆರವಣಿಗೆಗಿಂತ ಮಕ್ಕಳ ಮೆರವಣಿಗೆಯೇ ಮುಖ್ಯವಾದುದು. ಶಾಲೆಯ ಮಕ್ಕಳು ವಾದ್ಯಗಳೊಡನೆ ಬೀದಿಬೀದಿಯಲ್ಲಿ ನಡೆಯುವರು. ಓಸ್ಲೋ ನಗರದಲ್ಲಿ ಅರಮನೆಯ ಮುಂದೆ ಹಾದುಹೋಗುವರು. ಹೆಂಗಸರೂ ಗಂಡಸರೂ ತಮ್ಮ ತಮ್ಮ ಸೀಮೆಯ ಕಸೂತಿಯ ಉಡುಪನ್ನು ತೊಟ್ಟು, ಬೆಳ್ಳಿಯ ಆಭರಣಗಳನ್ನಿಟ್ಟುಕೊಂಡು ಬರುವರು. ಆ ಉಡುಪಿಗೆ ಬುನಾದ್ ಎಂದು ಹೆಸರು. ತಮ್ಮ ಮನೆಯವರು ಒಂದು ರೇಷ್ಮೆಯ ಸೀರೆಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡರೆ ಆ ದಿನದ ಜನರ ನಡುವೆ ಅದು ಹೆಚ್ಚೆನಿಸದು. ಹಬ್ಬದ ದಿನ ಅಂಗಡಿಗಳು ಮುಚ್ಚಿರುತ್ತವೆ. ಹಿಂದಿನ ದಿನವೇ ಹಾಲು, ರೊಟ್ಟಿ, ತರಕಾರಿ ತಂದಿಟ್ಟುಕೊಳ್ಳಬೇಕು. ಭಾನುವಾರಗಳಲ್ಲಿಯೂ ಹೀಗೆಯೇ ಬಹುಮಟ್ಟಿಗೆ ಮುಚ್ಚಿರುತ್ತವೆ.

ಇನ್ನು ಮಾರ್ಗ. ನಾರ್ವೆಯು ತೆಳ್ಳಗೆ ಉದ್ದವಾದ ದೇಶ. ದಕ್ಷಿಣದ ತುದಿಯಿಂದ ಉತ್ತರದ ತುದಿಗೆ ಹಕ್ಕಿ ಹಾರಿದಂತೆ ಅಳೆದರೂ ಸುಮಾರು 1,750 ಕಿಲೋಮೀಟರು. ಪಶ್ಚಿಮದ ಫಿಯಾರ್ಡುಗಳನ್ನೂ ಉತ್ತರದ ದ್ವೀಪಗಳನ್ನೂ ಎಂಟು ದಿನಗಳಲ್ಲಿ ಜೋಡಿಸಹೊರಟರೆ ತಾವು ನೋಡುವುದು ವಿಮಾನ ನಿಲ್ದಾಣಗಳನ್ನೇ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ. ನಾನಾದರೆ ಪಶ್ಚಿಮವನ್ನು ಆರಿಸುವೆನು. ದಿನಗಳನ್ನು ಎಂಟರಿಂದ ಹತ್ತಕ್ಕೆ ಏರಿಸಿ, ಸ್ಥಳಗಳನ್ನು ಹನ್ನೊಂದರಿಂದ ಮೂರಕ್ಕೆ ಇಳಿಸುವೆನು. ಓಸ್ಲೋ, ಫ್ಲೋಮ್, ಬರ್ಗೆನ್: ಇಷ್ಟೇ.

ಓಸ್ಲೋದಲ್ಲಿ ಮೂರು ರಾತ್ರಿ. ದೂರದ ವಿಮಾನಪ್ರಯಾಣದ ಆಯಾಸ ಕಳೆಯಲು ಒಂದು ದಿನ ಬೇಕೇಬೇಕು. ಅಲ್ಲಿ ಫ್ರಾಮ್ ಎಂಬ ಹಡಗನ್ನು ಒಂದು ಕಟ್ಟಡದೊಳಗೆ ಇಟ್ಟಿರುವರು. ಆಮುಂಡ್ಸೆನ್ ದಕ್ಷಿಣ ಧ್ರುವದ ಯಾತ್ರೆಗೆ ಹೊರಟದ್ದು ಅದೇ ಹಡಗಿನಲ್ಲಿ. 1911ರ ಡಿಸೆಂಬರ್ 14ರಂದು ಅವನ ತಂಡವು ಧ್ರುವವನ್ನು ಮುಟ್ಟಿತು. ಮಕ್ಕಳು ಹಡಗಿನೊಳಗೆ ಹತ್ತಿ ಇಳಿದು ನೋಡಬಹುದು. ಹಳೆಯ ಪುಸ್ತಕಗಳಲ್ಲಿ ಈ ನಗರದ ಹೆಸರು ಕ್ರಿಸ್ಟಿಯಾನಿಯಾ ಎಂದಿರುವುದು. 1925ರಲ್ಲಿ ಓಸ್ಲೋ ಎಂಬ ಪ್ರಾಚೀನ ನಾಮಕ್ಕೆ ಮರಳಿತು.

ಓಸ್ಲೋದಿಂದ ಬರ್ಗೆನ್‌ಗೆ ಹೋಗುವ ರೈಲುಮಾರ್ಗವು 1909ರಲ್ಲಿ ಪೂರ್ತಿಯಾಗಿ ತೆರೆಯಿತು. ಅದು ಬೆಟ್ಟಗಳ ನೆತ್ತಿಯ ಮೇಲೆ ಹಾದುಹೋಗುವುದು. ಫಿನ್ಸೆ ಎಂಬ ನಿಲ್ದಾಣವು ಸಮುದ್ರಮಟ್ಟಕ್ಕಿಂತ 1,222 ಮೀಟರು ಎತ್ತರದಲ್ಲಿದೆ. ಮೇ ತಿಂಗಳಲ್ಲಿಯೂ ಅಲ್ಲಿ ಹಿಮ ಹಾಸಿಕೊಂಡಿರುತ್ತದೆ. ಮಕ್ಕಳಿಗೆ ಮೊದಲ ಹಿಮದರ್ಶನವು ಬೆಚ್ಚನೆಯ ಗಾಡಿಯ ಕಿಟಕಿಯಿಂದ ಆಗುವುದು. ಆ ಬಳಿಕ ಮಿರ್ಡಾಲ್ ಎಂಬಲ್ಲಿ ಇಳಿದು ಫ್ಲೋಮ್‌ಗೆ ಹೋಗುವ ಚಿಕ್ಕ ರೈಲನ್ನು ಹತ್ತಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯಕ್ಕೆ ಇಳಿಯುವ ನಮ್ಮ ಘಟ್ಟದ ರೈಲನ್ನು ಕಂಡವರಿಗೆ ಇದರ ಸ್ವಾರಸ್ಯ ಬೇಗನೆ ಹತ್ತುವುದು. ನಮ್ಮ ಘಟ್ಟದಲ್ಲಿ ಐವತ್ತು ಅಡಿ ಮುಂದೆ ಹೋದರೆ ಒಂದಡಿ ಇಳಿತ. ಅಲ್ಲಿ ಬಹುಭಾಗದಲ್ಲಿ ಹದಿನೆಂಟು ಅಡಿಗೆ ಒಂದಡಿ. ಕೇವಲ 20 ಕಿಲೋಮೀಟರಿನಲ್ಲಿ 860 ಮೀಟರಿಗಿಂತ ಹೆಚ್ಚು ಇಳಿದು ನೀರಿನ ದಡಕ್ಕೆ ಬಂದು ನಿಲ್ಲುವುದು. ಮಾರ್ಗದ 20 ಸುರಂಗಗಳಲ್ಲಿ 18ನ್ನು ಕೈಯಿಂದಲೇ ಕೊರೆದರು. ಸುಮಾರು ಒಂದು ಗಂಟೆಯ ಈ ಪ್ರಯಾಣದ ನಡುವೆ ಶೋಸ್‌ಫೊಸೆನ್ ಎಂಬ ಜಲಪಾತದ ಎದುರಿಗೆ ಗಾಡಿಯನ್ನು ನಿಲ್ಲಿಸುವರು. ಪ್ರಯಾಣಿಕರು ಇಳಿದು ತುಂತುರಿನಲ್ಲಿ ನಿಂತು ಬರಬಹುದು.

ಫ್ಲೋಮ್ ಒಂದು ಪುಟ್ಟ ಹಳ್ಳಿ. ಹೆಚ್ಚಿನ ಪ್ರವಾಸಿಗರು ಅಲ್ಲಿ ಎರಡು ಗಂಟೆಯಿದ್ದು ದೋಣಿ ಹತ್ತಿ ಹೊರಟುಹೋಗುವರು. ತಾವು ಮೂರು ರಾತ್ರಿ ಉಳಿಯಿರಿ. “ಅಲ್ಲಿ ಮೂರು ದಿನ ಮಾಡುವುದೇನು?” ಎಂದು ಕೇಳುವಿರಿ. ಮಾಡುವುದೇನೂ ಇಲ್ಲ, ಅದಕ್ಕಾಗಿಯೇ ಉಳಿಯಬೇಕು.

ಇಲ್ಲಿ ನನ್ನ ಸ್ವಂತದ ಒಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಕೆಲವು ವರ್ಷಗಳ ಹಿಂದೆ ನಾನೂ ನನ್ನ ಪತ್ನಿಯೂ ಇದೇ ದಾರಿಯಲ್ಲಿ ಹೋಗಿದ್ದೆವು. ನನ್ನ ಕಿಸೆಯಲ್ಲಿಯೂ ತಮ್ಮಂಥದೇ ಒಂದು ಪಟ್ಟಿಯಿದ್ದಿತು. ಆರು ದಿನ, ಏಳು ಊರು. ದೋಣಿಯು ನ್ಯಾರೊಯ್ ಫಿಯಾರ್ಡಿನ ನಡುವೆ ಹೋಗುತ್ತಿದ್ದಾಗ ನಾನು ಮೇಲಿನ ಅಟ್ಟದಲ್ಲಿ ನಿಂತು ಬೆಟ್ಟವನ್ನು ನೋಡಲಿಲ್ಲ. ಕೆಳಗೆ ಕುಳಿತು, ದಡದಲ್ಲಿ ಬಸ್ಸು ಸಿಕ್ಕುವುದೋ ಇಲ್ಲವೋ ಎಂದು ಕಾಲಪಟ್ಟಿಯನ್ನು ನೋಡುತ್ತಿದ್ದೆ. ಪತ್ನಿ ಎರಡು ಸಲ ಕೂಗಿದಳು. ಮೂರನೆಯ ಸಲ ಕೂಗಲಿಲ್ಲ.

ನನ್ನ ತಾಯಿಯವರನ್ನು ಆಗ ನಾವು ತಮ್ಮನ ಮನೆಯಲ್ಲಿ ಬಿಟ್ಟು ಹೋಗಿದ್ದೆವು. ಮೊಣಕಾಲಿನ ನೋವಿದೆ, ಚಳಿ ತಡೆಯದು, ಊಟ ಒಗ್ಗದು ಎಂದು ನಾವೇ ಕಾರಣಗಳನ್ನು ಹೇಳಿದೆವು, ಅವರು ಹೂಂಗುಟ್ಟಿದರು. ಹಿಂದಿರುಗಿದ ಮೇಲೆ ಅವರ ಮಂಚದ ಬಳಿ ಕುಳಿತು ಚಿತ್ರಗಳನ್ನು ತೋರಿಸಿದೆ. ಎಲ್ಲವನ್ನೂ ತಾಳ್ಮೆಯಿಂದ ನೋಡಿ, ಫಿಯಾರ್ಡಿನ ಒಂದು ಚಿತ್ರವನ್ನು ಕೈಯಲ್ಲಿ ಹಿಡಿದುಕೊಂಡು, “ಈ ನೀರು ಉಪ್ಪೋ ಸಿಹಿಯೋ?” ಎಂದು ಕೇಳಿದರು. ನನಗೆ ತಿಳಿಯದು. ಎರಡು ಗಂಟೆಯ ಕಾಲ ಆ ನೀರಿನ ಮೇಲೆ ತೇಲಿ ಬಂದವನು ಒಂದು ಬೆರಳನ್ನು ಅದ್ದಿ ನೋಡಿರಲಿಲ್ಲ. “ಸಮುದ್ರವಲ್ಲವೆ, ಉಪ್ಪೇ ಇರಬೇಕು” ಎಂದೆ. “ಇರಬೇಕು” ಎಂದು ಅವರು ಚಿತ್ರವನ್ನು ಹಿಂದಕ್ಕೆ ಕೊಟ್ಟರು.

ಆ ಪ್ರಶ್ನೆಗೆ ಉತ್ತರವನ್ನು ನಾನು ಆಮೇಲೆ ಓದಿ ತಿಳಿದುಕೊಂಡೆ. ಹಿಂದಿನ ಹಿಮಯುಗಗಳಲ್ಲಿ ನೂರಾರು ಮೀಟರು ದಪ್ಪದ ಹಿಮನದಿಗಳು ಬೆಟ್ಟಗಳ ನಡುವಣ ಹೊಳೆಯ ಕಣಿವೆಗಳಲ್ಲಿ ಜರುಗುತ್ತ, ಅಡಿಯ ಬಂಡೆಯನ್ನು ಉಜ್ಜಿ ಕೊರೆದು, ಸಮುದ್ರದ ಮಟ್ಟಕ್ಕಿಂತಲೂ ಬಹು ಆಳಕ್ಕೆ ತೋಡಿದವು. ಹಿಮ ಕರಗಿ ಹಿಂದೆ ಸರಿದಾಗ ಸಮುದ್ರವು ಒಳನುಗ್ಗಿ ಆ ಕಣಿವೆಗಳನ್ನು ತುಂಬಿತು. ಅವೇ ಫಿಯಾರ್ಡುಗಳು. ನಾರ್ವೆಯಲ್ಲಿ ಎಲ್ಲಕ್ಕಿಂತ ದೊಡ್ಡದಾದ ಸೋಗ್ನೆ ಫಿಯಾರ್ಡು 200 ಕಿಲೋಮೀಟರಿಗಿಂತ ಹೆಚ್ಚು ಒಳನಾಡಿಗೆ ಚಾಚಿರುವುದು. ಅದರ ಅತ್ಯಂತ ಆಳ 1,308 ಮೀಟರು. ಆದರೆ ಸಮುದ್ರವನ್ನು ಸೇರುವ ಬಾಯಿಯ ಬಳಿ ಅದು ಅಷ್ಟು ಆಳವಿಲ್ಲ. ಹಿಮನದಿಯು ಅಲ್ಲಿ ತೆಳುವಾಗಿ ಬಲಗುಂದಿದ್ದರಿಂದ ಹೊಸ್ತಿಲಿನಂತೆ ಬಂಡೆಯನ್ನು ಉಳಿಸಿರುವುದು. ಫ್ಲೋಮ್ ಊರಿರುವುದು ಈ ಸೋಗ್ನೆ ಫಿಯಾರ್ಡಿನ ಒಂದು ಕವಲಿನ ತುದಿಯಲ್ಲಿ. ನ್ಯಾರೊಯ್ ಫಿಯಾರ್ಡು ಅದರ ಮತ್ತೊಂದು ಕವಲು. ಇಕ್ಕಟ್ಟಾದ ಕಡೆ ಇದರ ಅಗಲ 250 ಮೀಟರು ಮಾತ್ರ. ಎರಡು ಬದಿಗೂ ಸಾವಿರ ಮೀಟರಿಗಿಂತ ಎತ್ತರದ ಬೆಟ್ಟಗಳು. 2005ರಲ್ಲಿ ಇದನ್ನೂ ಗೈರಾಂಗರ್ ಫಿಯಾರ್ಡನ್ನೂ ಯುನೆಸ್ಕೋ ಸಂಸ್ಥೆಯು ವಿಶ್ವದ ಪರಂಪರೆಯ ಪಟ್ಟಿಗೆ ಸೇರಿಸಿತು.

ನೀರು ಉಪ್ಪೇ. ಆದರೆ ಮೇ, ಜೂನ್ ತಿಂಗಳುಗಳಲ್ಲಿ ಬೆಟ್ಟದ ಹಿಮ ಕರಗಿದ ಸಿಹಿನೀರು ಸಾವಿರ ಝರಿಗಳಾಗಿ ಬಂದು ಬೀಳುವುದರಿಂದ, ಹಗುರವಾದ ಆ ನೀರು ಉಪ್ಪುನೀರಿನ ಮೇಲೆ ಒಂದು ಪದರವಾಗಿ ತೇಲುತ್ತಿರುವುದು. ಒಳಗಣ ಕವಲುಗಳಲ್ಲಿ ಮೇಲಿನ ನೀರನ್ನು ಬೊಗಸೆಯಲ್ಲಿ ತೆಗೆದು ನಾಲಿಗೆಗೆ ಮುಟ್ಟಿಸಿದರೆ ಉಪ್ಪು ಅಷ್ಟಾಗಿ ತಿಳಿಯದು. ಕೆಳಗೆ ಇಳಿದಂತೆಲ್ಲ ಸಮುದ್ರ. ಇದನ್ನು ನಾನು ಓದುವ ಹೊತ್ತಿಗೆ, ಹೇಳುವುದಕ್ಕೆ ತಾಯಿಯವರು ಇರಲಿಲ್ಲ.

ತಮ್ಮ ಪತ್ರದ ಕೊನೆಯ ಸಾಲಿಗೆ ಬಂದೆವು. ತಾಯಿಯವರು ಸುಮ್ಮನಿದ್ದಾರೆಂದು ಬರೆದಿರುವಿರಿ. ಅವರನ್ನು ಯಾರಾದರೂ ಕೇಳಿದಿರೋ? ಕೇಳಿದ ಮೇಲೂ ಅವರು ಬೇಡವೆಂದರೆ ಅದು ಬೇರೆ ಮಾತು. ಮನೆಯ ತುಳಸಿಯನ್ನೂ ತಂಗಿಯ ಮಕ್ಕಳನ್ನೂ ಬಿಟ್ಟು ಬರಲು ಮನಸ್ಸಿಲ್ಲದ ಹಿರಿಯರೂ ಇರುವರು. ಅವರನ್ನು ಎಳೆದುಕೊಂಡು ಹೋಗಬೇಕಾಗಿಲ್ಲ. ಆದರೆ ಶಕ್ತಿಯಿಲ್ಲವೆಂದು ತಾವೇ ತೀರ್ಮಾನಿಸಬೇಡಿ. ತಮ್ಮ ಹನ್ನೊಂದು ಊರುಗಳ ಪಟ್ಟಿಗೆ ಅವರು ತೊಡಕೇ ಸರಿ; ಮೂರು ಊರುಗಳ ಪ್ರವಾಸಕ್ಕೆ ಅಲ್ಲ. ರೈಲಿನಲ್ಲಿ ಕುಳಿತುಕೊಳ್ಳಬಲ್ಲವರು ಬರ್ಗೆನ್ ಮಾರ್ಗದಲ್ಲಿ ಹೋಗಬಲ್ಲರು. ಫ್ಲೋಮಿನಿಂದ ಗುಡ್ವಾಂಗೆನ್‌ಗೆ ಹೋಗುವ ದೋಣಿಯ ಪ್ರಯಾಣ ಸುಮಾರು ಎರಡು ಗಂಟೆ. 2018ರಿಂದ ಆ ಮಾರ್ಗದಲ್ಲಿ ವಿದ್ಯುತ್ತಿನ ದೋಣಿಯೂ ಓಡುತ್ತಿದ್ದು, ಯಂತ್ರದ ಗದ್ದಲವಿಲ್ಲದೆ ಜಲಪಾತದ ಸದ್ದನ್ನು ಕೇಳಬಹುದು. ಒಳಗೆ ಬೆಚ್ಚಗೆ ಕುಳಿತು ಗಾಜಿನಿಂದ ನೋಡುವ ಅನುಕೂಲವೂ ಉಂಟು. ಬರ್ಗೆನ್ ಪಟ್ಟಣದಲ್ಲಿ ಫ್ಲೋಯೆನ್ ಬೆಟ್ಟದ ಮೇಲೆ 320 ಮೀಟರು ಎತ್ತರಕ್ಕೆ ಹಗ್ಗದ ಬಲದಿಂದ ಏರುವ ಗಾಡಿಯೊಂದು 1918ರಿಂದ ನಡೆಯುತ್ತಿದೆ. ಮೆಟ್ಟಿಲೇರುವ ಶ್ರಮವಿಲ್ಲದೆ ಊರನ್ನೂ ಸಮುದ್ರವನ್ನೂ ನೋಡಬಹುದು. ಗುಡ್ವಾಂಗೆನ್‌ನಿಂದ ವೊಸ್‌ವರೆಗೆ ಬಸ್ಸು, ವೊಸ್‌ನಿಂದ ಬರ್ಗೆನ್‌ಗೆ ರೈಲು. ಒಂದು ಬಸ್ಸು ತಪ್ಪಿದರೆ ಮತ್ತೊಂದು ಬರುವುದು. ನಾನು ಹೋದಾಗಲೂ ಬಂದಿತು.

ಬರ್ಗೆನ್‌ನಲ್ಲಿ ಉಳಿದ ರಾತ್ರಿಗಳನ್ನು ಕಳೆಯಬಹುದು. ಬಂದರಿನ ದಡದ ಬ್ರಿಗ್ಗೆನ್ ಎಂಬ ಮರದ ಮನೆಗಳ ಸಾಲು ಜರ್ಮನ್ ವರ್ತಕರ ಕಾಲದ್ದು. 1702ರ ಬೆಂಕಿಯ ನಂತರ ಹಳೆಯ ಮಾದರಿಯಲ್ಲಿಯೇ ಮತ್ತೆ ಕಟ್ಟಿದರು. ಅಲ್ಲಿಂದ ಹಾರ್ಡಾಂಗರ್ ಪ್ರಾಂತಕ್ಕೆ ಒಂದು ದಿನ ಹೋಗಿಬರಬಹುದು. ಮಳೆಯ ವಿಷಯವನ್ನು ಮರೆಯಬಾರದು: ವರ್ಷಕ್ಕೆ 2,000 ಮಿಲಿಮೀಟರಿಗಿಂತ ಹೆಚ್ಚು ಬೀಳುವುದು. ಆಗುಂಬೆಯ ಜನಕ್ಕೆ ಇದು ನಗೆಯ ಮಾತು. ಆದರೆ ನಮ್ಮ ಮಳೆ ಕಾಲವರಿತು ಬರುವುದು, ಅಲ್ಲಿಯ ಮಳೆಗೆ ಕಾಲವೆಂಬುದಿಲ್ಲ. ಗಾಳಿಗೆ ಕೊಡೆ ನಿಲ್ಲದು. ಪ್ರತಿಯೊಬ್ಬರಿಗೂ ಟೋಪಿಯಿರುವ ಮಳೆಯಂಗಿ ಬೇಕು. ಒಂದು ದಪ್ಪ ಕೋಟಿಗಿಂತ ತೆಳುವಾದ ಉಣ್ಣೆಯ ಎರಡು ಬಟ್ಟೆಗಳನ್ನು ಒಂದರ ಮೇಲೊಂದು ತೊಡುವುದು ಮೇಲು. ಸೀರೆಯುಡುವ ತಾಯಿಯವರಿಗೆ ಒಳಗೆ ಉಣ್ಣೆಯ ಇಜಾರ, ಕಾಲಿಗೆ ಉಣ್ಣೆಯ ಚೀಲ, ಜಾರದ ಬೂಟು. ಹವೆಯನ್ನು ತಿಳಿಸುವ ನಾರ್ವೆಯವರ ಸೇವೆಗೆ ‘ಈರ್’ ಎಂದು ಹೆಸರು. ಆ ಶಬ್ದದ ಅರ್ಥವೇ ತುಂತುರುಮಳೆ!

ಊಟದ ವಿಷಯ ಗೃಹಿಣಿಯರಿಗೆ ಮುಖ್ಯವಾದುದು. ಮಾಂಸ ಮೀನು ತಿನ್ನದವರಿಗೆ ಹೋಟೆಲುಗಳಲ್ಲಿ ದೊರೆಯುವುದು ಸ್ವಲ್ಪ, ಕೊಡುವ ಹಣ ಬಹಳ. ಅಡಿಗೆಮನೆಯಿರುವ ವಸತಿಯನ್ನೇ ಹಿಡಿಯಿರಿ. ಖರ್ಚಿನಲ್ಲಿ ಇಷ್ಟು ದೊಡ್ಡ ಉಳಿತಾಯ ಮತ್ತೊಂದಿಲ್ಲ. ಅಕ್ಕಿ, ಆಲೂಗೆಡ್ಡೆ, ಕೋಸು, ಹಾಲು, ಮೊಸರು ಅಲ್ಲಿಯ ಅಂಗಡಿಗಳಲ್ಲಿ ದೊರೆಯುವುವು. ಸಾರಿನ ಪುಡಿ, ಹುಳಿಯ ಪುಡಿ, ಅವಲಕ್ಕಿ, ತೊಗರಿಬೇಳೆ ಮನೆಯಿಂದ ಹೋಗಲಿ. ತುಪ್ಪವನ್ನೂ ಪೇಡವನ್ನೂ ಕಟ್ಟಬೇಡಿ: ಯೂರೋಪಿನ ಹೊರಗಿನಿಂದ ಹಾಲಿನ ಪದಾರ್ಥಗಳನ್ನೂ ಮಾಂಸವನ್ನೂ ಆಲೂಗೆಡ್ಡೆಯನ್ನೂ ತರಕೂಡದೆಂದು ಆ ದೇಶದ ನಿಯಮವಿದೆ. ಅಲ್ಲಿಯ ಬೆಣ್ಣೆಯನ್ನು ಕೊಂಡು ಕಾಯಿಸಿದರೆ ತುಪ್ಪವಾಯಿತು. ಒಗ್ಗರಣೆಗೆ ಮೆಣಸಿನಕಾಯಿಯನ್ನು ಹಾಕುವಾಗ ಕಿಟಕಿಯನ್ನು ತೆರೆದಿಡಿ. ಮನೆಮನೆಯಲ್ಲಿಯೂ ಹೊಗೆಯನ್ನು ಕಂಡರೆ ಕೂಗುವ ಗಂಟೆಯಿರುವುದು. ಬ್ರೂನೋಸ್ತ್ ಎಂಬ ಕಂದು ಬಣ್ಣದ ಗಿಣ್ಣನ್ನು ಮಕ್ಕಳಿಗೆ ಕೊಡಿಸಿ ನೋಡಿ. ಗಿಣ್ಣು ತೆಗೆದು ಉಳಿದ ನೀರನ್ನು ಹಾಲು ಕೆನೆಗಳೊಡನೆ ಬತ್ತಿಸಿ ಮಾಡುವರು. ಬೆಲ್ಲದ ಬಣ್ಣ, ಸಿಹಿಯೂ ಉಂಟು. ನಲ್ಲಿಯ ನೀರು ಕುಡಿಯಲು ಯೋಗ್ಯವಾದುದು. ಸೀಸೆಯ ನೀರಿಗೆ ಹಣ ಸುರಿಯಬೇಡಿ. ಅಲ್ಲಿಯ ನಾಣ್ಯ ಕ್ರೋನ. 2025ರಲ್ಲಿ ಒಂದಕ್ಕೆ ಸುಮಾರು 8 ರೂಪಾಯಿ. ಅಂಗಡಿಯಲ್ಲಿ ಪ್ರತಿಯೊಂದನ್ನೂ ಎಂಟರಿಂದ ಗುಣಿಸತೊಡಗಿದರೆ ಊಟ ಸೇರದು. ಮನೆಯಲ್ಲಿಯೇ ಒಂದು ಮೊತ್ತವನ್ನು ಗೊತ್ತುಮಾಡಿಕೊಂಡು ಹೊರಡುವುದು ಲೇಸು.

ವ್ರತನೇಮಗಳುಳ್ಳ ಹಿರಿಯರು ಜೊತೆಗಿದ್ದರೆ ಮತ್ತೊಂದು ಸೂಚನೆ. ಮೇ ಕೊನೆಯಲ್ಲಿ ಬರ್ಗೆನ್‌ನಲ್ಲಿ ಸೂರ್ಯನು ಮುಳುಗುವುದು ರಾತ್ರಿ ಹತ್ತು ಗಂಟೆ ಕಳೆದ ಮೇಲೆ. ಅನಂತರವೂ ಪೂರ್ತಿ ಕತ್ತಲೆಯಾಗುವುದಿಲ್ಲ. ಸಂಜೆಯ ದೀಪವನ್ನು ಗಡಿಯಾರ ನೋಡಿ ಹಚ್ಚಬೇಕಾಗುವುದು. ಸಂಕಷ್ಟಿಯ ಉಪವಾಸವಿದ್ದರೆ ಇನ್ನೂ ಕಷ್ಟ. ಆ ಋತುವಿನಲ್ಲಿ ಹುಣ್ಣಿಮೆಯ ಮತ್ತು ಅದರ ಮರುದಿನಗಳ ಚಂದ್ರನು ದಕ್ಷಿಣ ದಿಗಂತಕ್ಕೆ ಅಂಟಿಕೊಂಡು ಬಹು ತಗ್ಗಿನಲ್ಲಿ ಹೋಗುವನು. ಬೆಟ್ಟಗಳ ಮರೆಯಿರುವ ಫ್ಲೋಮಿನಲ್ಲಿ ಅವನ ದರ್ಶನವನ್ನು ನೆಚ್ಚುವಂತಿಲ್ಲ. ಚಂದ್ರನಿಗಾಗಿ ಕಾದು ಹಸಿದು ಕುಳಿತುಕೊಳ್ಳುವುದಕ್ಕಿಂತ ಮೊದಲೇ ಪುರೋಹಿತರನ್ನು ಕೇಳಿಕೊಂಡು ಹೊರಡುವುದು ಒಳ್ಳೆಯದು.

ಇನ್ನು ಕಾಗದಪತ್ರ. ನಾರ್ವೆಯು ಯೂರೋಪಿನ ಒಕ್ಕೂಟಕ್ಕೆ ಸೇರಿಲ್ಲ. ಆದರೆ ಷೆಂಗೆನ್ ಒಪ್ಪಂದಕ್ಕೆ ಸೇರಿರುವುದರಿಂದ ಆ ವೀಸಾವೇ ಬೇಕು. 2024ರ ಜೂನ್ ತಿಂಗಳಿಂದ ಅದರ ಶುಲ್ಕ ದೊಡ್ಡವರಿಗೆ 90 ಯೂರೋ, ಆರರಿಂದ ಹನ್ನೆರಡು ತುಂಬದ ಮಕ್ಕಳಿಗೆ 45. ಪ್ರಯಾಣಕ್ಕೆ ಆರು ತಿಂಗಳು ಮುಂಚಿನಿಂದ ಅರ್ಜಿ ಹಾಕಬಹುದು. ಬೇಸಗೆಯ ಮುಂಚೆ ಅರ್ಜಿಗಳ ನೂಕುನುಗ್ಗಲಾಗುವುದರಿಂದ ಮೇ ತಿಂಗಳಲ್ಲಿ ಹೊರಡುವವರು ಫೆಬ್ರವರಿಯಲ್ಲಿಯೇ ಹಾಕತಕ್ಕದ್ದು. ಬೆರಳಚ್ಚು ಕೊಡಲು ಹನ್ನೆರಡು ತುಂಬಿದವರೆಲ್ಲರೂ ಸ್ವತಃ ಹೋಗಬೇಕು. 30,000 ಯೂರೋಗಳಿಗೆ ಕಡಮೆಯಿಲ್ಲದ ವೈದ್ಯಕೀಯ ವಿಮೆಯು ಕಡ್ಡಾಯ. ತಾಯಿಯವರಿಗೆ ರಕ್ತದೊತ್ತಡವೋ ಸಕ್ಕರೆಯೋ ಇದ್ದರೆ ಮುಚ್ಚಿಡದೆ ಬರೆಸಿ, ಔಷಧಗಳನ್ನು ವೈದ್ಯರ ಚೀಟಿಯೊಡನೆ ಕೈಚೀಲದಲ್ಲಿಯೇ ಇಡಿ. ವೀಸಾ ಕೈಗೆ ಬರುವವರೆಗೆ ಹಣ ಹಿಂದಿರುಗದಂಥ ಟಿಕೆಟನ್ನು ಕೊಳ್ಳಬೇಡಿ. ಅದು ಬಂದೊಡನೆ ರೈಲಿನ ಟಿಕೆಟುಗಳನ್ನು ಕೊಳ್ಳಿ; ಮುಂಚಿತವಾಗಿ ಕೊಂಡಷ್ಟೂ ದರ ಕಡಮೆ.

ಪಾಸ್‌ಪೋರ್ಟು ಹತ್ತು ವರ್ಷದೊಳಗೆ ಕೊಟ್ಟದ್ದಾಗಿರಬೇಕು. ಅಲ್ಲಿಂದ ಹೊರಡುವ ದಿನದ ಮುಂದಕ್ಕೆ ಮೂರು ತಿಂಗಳಾದರೂ ಅವಧಿ ಉಳಿದಿರಬೇಕು. ತಮ್ಮ ನಾಲ್ವರ ಪಾಸ್‌ಪೋರ್ಟುಗಳ ವಿವರವನ್ನು ಬರೆದಿರುವಿರಿ. ತಾಯಿಯವರಿಗೆ ಪಾಸ್‌ಪೋರ್ಟು ಇದೆಯೋ ಇಲ್ಲವೋ ಬರೆದಿಲ್ಲ. ಇಲ್ಲದಿದ್ದರೆ, ಅವರ ಜನ್ಮದಿನವೂ ಹೆಸರೂ ಎಲ್ಲ ಕಾಗದಗಳಲ್ಲಿಯೂ ಒಂದೇ ರೀತಿಯಾಗಿವೆಯೇ ಎಂದು ಇಂದೇ ತೆಗೆದು ನೋಡಿ. ನಮ್ಮ ತಾಯಂದಿರ ಕಾಗದಗಳಲ್ಲಿ ಅವು ಹೊಂದಿಕೆಯಾಗಿರುವುದು ಅಪರೂಪ. ಸರಿಪಡಿಸುವುದಕ್ಕೆ ಒಂದೆರಡು ತಿಂಗಳಾದರೂ ಹಿಡಿಯುತ್ತದೆ.